ಮಿತವ್ಯಯದ ಶೈಕ್ಷಣಿಕ ಪ್ರವಾಸ: ಸಿದ್ಧತೆಯ ಕ್ರಮ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಕನ್ನಡಿಗರ ಹಳೆಯ ಮಾತು. ಕೋಶವನ್ನು ಓದಿಸುವ ಹೊಣೆಯನ್ನು ಶಾಲೆಗಳು ವರ್ಷವಿಡೀ ಹೊರುತ್ತವೆ. ದೇಶವನ್ನು ಸುತ್ತಿಸುವ ಹೊಣೆ ವರ್ಷಕ್ಕೊಮ್ಮೆ, ಮೂರು ದಿನಗಳ ಮಟ್ಟಿಗೆ, ಶೈಕ್ಷಣಿಕ ಪ್ರವಾಸವೆಂಬ ಹೆಸರಿನಲ್ಲಿ ಬರುತ್ತದೆ. ಆ ಮೂರು ದಿನಗಳು ಅನೇಕ ವಿದ್ಯಾರ್ಥಿಗಳ ಪಾಲಿಗೆ ತಮ್ಮ ತಾಲ್ಲೂಕಿನ ಗಡಿಯನ್ನು ದಾಟಿದ ಮೊದಲ ದಿನಗಳಾಗಿರುತ್ತವೆ. ಆದ್ದರಿಂದ ಅವುಗಳ ಸಿದ್ಧತೆಯನ್ನು ಕೊನೆಯ ವಾರದ ಗಡಿಬಿಡಿಗೆ ಬಿಡುವುದು ಯುಕ್ತವಲ್ಲ.

ಶರಣಪರಂಪರೆಗೆ ಪಯಣವು ಹೊಸದಲ್ಲ. ಬಳ್ಳಿಗಾವೆಯಿಂದ ಅಲ್ಲಮಪ್ರಭುಗಳು, ಉಡುತಡಿಯಿಂದ ಅಕ್ಕಮಹಾದೇವಿ, ಕಾಶ್ಮೀರದಿಂದ ಮೋಳಿಗೆಯ ಮಾರಯ್ಯ ಕಲ್ಯಾಣದ ದಾರಿ ಹಿಡಿದರೆಂದು ಪರಂಪರೆ ಹೇಳುತ್ತದೆ. ಇಂದಿಗೂ ಯುಗಾದಿಯ ಸಮಯದಲ್ಲಿ ಉತ್ತರ ಕರ್ನಾಟಕದ ಸಹಸ್ರಾರು ಭಕ್ತರು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಉಳವಿಯ ಚೆನ್ನಬಸವಣ್ಣನವರ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ರೈತಕುಟುಂಬಗಳು ಇನ್ನೂ ಇವೆ. ಈ ಯಾತ್ರಿಕರಲ್ಲಿ ಧನಿಕರು ವಿರಳ. ಆದರೂ ಅವರ ಯಾತ್ರೆ ನಿಂತಿಲ್ಲ. ದಾರಿಯ ಊರುಗಳ ದಾಸೋಹ, ಜೊತೆಗೆ ಕಟ್ಟಿಕೊಂಡ ಬುತ್ತಿ, ಗುಡಿಯ ಅಂಗಳದ ತಂಗು, ವರ್ಷದುದ್ದಕ್ಕೂ ಕೂಡಿಟ್ಟ ಅಲ್ಪ ಹಣ, ಇವು ಅವರ ಬಲ. ಕಡಿಮೆ ಖರ್ಚಿನ ಪ್ರವಾಸದ ಪಾಠವನ್ನು ಕಲಿಯಲು ಬೇರೆಡೆಗೆ ಹೋಗಬೇಕಾದುದಿಲ್ಲ.

ನಾಲ್ಕು ಶಬ್ದಗಳು

ಸಂಸ್ಕೃತ ವ್ಯಾಕರಣದಲ್ಲಿ ಈ ವಿಷಯಕ್ಕೆ ಹೊಂದುವ ಒಂದು ಸ್ವಾರಸ್ಯವಿದೆ. ಪಾಣಿನಿಯು ಒಂದೇ ಸೂತ್ರದಲ್ಲಿ ನಾಲ್ಕು ಶಬ್ದಗಳಿಗೆ ಒಂದೇ ಪ್ರತ್ಯಯವನ್ನು ವಿಧಿಸಿದ್ದಾನೆ. ಪಥಿನ್, ಅತಿಥಿ, ವಸತಿ, ಸ್ವಪತಿ ಎಂಬವು ಆ ಶಬ್ದಗಳು. 'ಅಲ್ಲಿ ಯೋಗ್ಯವಾದುದು, ಒದಗುವಂತಹುದು' ಎಂಬ ಅರ್ಥದಲ್ಲಿ ಇವುಗಳಿಂದ ಪಾಥೇಯ, ಆತಿಥೇಯ, ವಾಸತೇಯ, ಸ್ವಾಪತೇಯ ಎಂಬ ರೂಪಗಳು ಸಿದ್ಧಿಸುತ್ತವೆ. ದಾರಿಯಲ್ಲಿ ಒದಗುವುದು ಪಾಥೇಯ, ಅಂದರೆ ಬುತ್ತಿ. ಅತಿಥಿಗೆ ಒದಗುವುದು ಆತಿಥೇಯ. ತಂಗುವುದಕ್ಕೆ ಯೋಗ್ಯವಾದುದು ವಾಸತೇಯ. ಒಡೆಯನಲ್ಲಿ ಇರುವುದು ಸ್ವಾಪತೇಯ, ಅಂದರೆ ಧನ. ಸೂತ್ರಕಾರನ ಉದ್ದೇಶ ಶಬ್ದಸಿದ್ಧಿಯೇ ಹೊರತು ಪ್ರವಾಸವಲ್ಲ. ಆದರೂ ಪಯಣಿಗನಿಗೆ ಬೇಕಾದ ನಾಲ್ಕೂ ಅಂಗಗಳು ಅಲ್ಲಿ ಕ್ರಮವಾಗಿ ಕೂಡಿಬಂದಿವೆ. ಧನವು ನಾಲ್ಕನೆಯದು ಎಂಬುದನ್ನು ಗಮನಿಸಬೇಕು. ಮೊದಲಿನ ಮೂರನ್ನು ಸರಿಯಾಗಿ ಹೊಂದಿಸಿದಲ್ಲಿ ನಾಲ್ಕನೆಯದರ ಭಾರ ತಾನಾಗಿಯೇ ತಗ್ಗುತ್ತದೆ. ಮೊದಲಿನ ಮೂರನ್ನು ಮರೆತವರು ಎಲ್ಲವನ್ನೂ ನಾಲ್ಕನೆಯದರಿಂದಲೇ ಕೊಳ್ಳಬೇಕಾಗುತ್ತದೆ.

ಹಿಂದೆ ಉಳಿಯುವವರು ಯಾರು?

ಸಿದ್ಧತೆಯ ವಿವರಗಳಿಗೆ ಹೋಗುವ ಮೊದಲು ಮಿತವ್ಯಯವು ಯಾರಿಗಾಗಿ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪ್ರವಾಸದ ಶುಲ್ಕವನ್ನು ಸೂಚನಾಫಲಕದಲ್ಲಿ ಬರೆದ ದಿನವೇ ತರಗತಿಯು ಎರಡಾಗಿ ಒಡೆಯುತ್ತದೆ. ಹೆಸರು ಕೊಡುವವರು ಒಂದು ಕಡೆ, ಕೊಡದವರು ಇನ್ನೊಂದು ಕಡೆ. ಹಣವಿಲ್ಲದ ಬಾಲಕನು ತನ್ನಲ್ಲಿ ಹಣವಿಲ್ಲವೆಂದು ಎಂದೂ ಹೇಳುವುದಿಲ್ಲ. ಅಜ್ಜಿಗೆ ಆರೋಗ್ಯವಿಲ್ಲ, ಹೊಲದಲ್ಲಿ ರಾಶಿ ಇದೆ, ಬಸ್ಸಿನಲ್ಲಿ ತಲೆಸುತ್ತು ಬರುತ್ತದೆ ಎಂದು ಏನಾದರೊಂದು ನೆವ ಹೇಳುತ್ತಾನೆ. ಹನ್ನೆರಡು ಹದಿಮೂರರ ಎಳೆಯ ವಯಸ್ಸಿನಲ್ಲಿಯೇ ಬಡತನವನ್ನು ಮುಚ್ಚಿಡುವ ಜಾಣ್ಮೆ ಆತನಿಗೆ ಬಂದಿರುತ್ತದೆ. ಪ್ರವಾಸ ಮುಗಿದ ಮೇಲೆ ಒಂದು ತಿಂಗಳ ಕಾಲ ತರಗತಿಯಲ್ಲಿ ಅದರದೇ ಮಾತು ನಡೆಯುವಾಗ ಆತನು ಕಿಟಕಿಯ ಹೊರಗೆ ನೋಡುತ್ತ ಕುಳಿತಿರುತ್ತಾನೆ.

ಕಾಯಕ ದಾಸೋಹಗಳ ಹೆಸರಿನಲ್ಲಿ ಕಟ್ಟಿದ, ಪ್ರಸಾದನಿಲಯದ ಒಂದೇ ಪಂಕ್ತಿಯಲ್ಲಿ ಎಲ್ಲರನ್ನೂ ಕುಳ್ಳಿರಿಸುವ ಶಾಲೆಗೆ ಇದು ಒಪ್ಪುವ ಮಾತಲ್ಲ. ಆದ್ದರಿಂದ ಪ್ರವಾಸದ ಯೋಜನೆ ಚೆನ್ನಾಗಿದೆಯೇ ಇಲ್ಲವೇ ಎಂಬುದಕ್ಕೆ ಒಂದೇ ಒರೆಗಲ್ಲು ಸಾಕು: ತರಗತಿಯ ಅತ್ಯಂತ ಬಡ ವಿದ್ಯಾರ್ಥಿಯು ತಲೆತಗ್ಗಿಸದೆ ಅದರಲ್ಲಿ ಸೇರುವಂತಿದೆಯೇ? ಮುಂದಿನ ಸೂಚನೆಗಳೆಲ್ಲವೂ ಈ ಪ್ರಶ್ನೆಯನ್ನು ಅನುಸರಿಸಿ ಬಂದವು.

ಕಾಲನಿರ್ಣಯ

ಮಿತವ್ಯಯದ ಮೊದಲ ಸಾಧನ ಹಣವಲ್ಲ, ಕಾಲ. ಪ್ರವಾಸವು ನವೆಂಬರಿನ ಕೊನೆಯಲ್ಲಿ ಅಥವಾ ಡಿಸೆಂಬರಿನ ಮೊದಲಲ್ಲಿ ನಡೆಯಬೇಕೆಂದಿದ್ದರೆ ಅದರ ನಿರ್ಣಯವು ಜೂನಿನಲ್ಲಿಯೇ ಆಗಬೇಕು. ಜುಲೈ ತಿಂಗಳ ಪಾಲಕರ ಸಭೆಯಲ್ಲಿ ಸ್ಥಳ, ದಿನ, ಅಂದಾಜು ವೆಚ್ಚಗಳನ್ನು ತಿಳಿಸಿದಲ್ಲಿ ಕೂಲಿಯ ಕುಟುಂಬವೂ ತಿಂಗಳಿಗೆ ಅಷ್ಟಿಷ್ಟು ಕೂಡಿಡಲು ಐದು ತಿಂಗಳ ಅವಕಾಶ ದೊರೆಯುತ್ತದೆ. ಒಂದೇ ಸಲ ಸಾವಿರದ ಆರುನೂರು ರೂಪಾಯಿ ಕೇಳುವುದಕ್ಕೂ ತಿಂಗಳಿಗೆ ಮುನ್ನೂರಿಪ್ಪತ್ತರಂತೆ ಐದು ತಿಂಗಳು ಕೇಳುವುದಕ್ಕೂ ಮೊತ್ತದಲ್ಲಿ ಭೇದವಿಲ್ಲ. ಕೊಡುವವನ ಮನೆಯಲ್ಲಿ ಮಾತ್ರ ಬಹಳ ಭೇದವಿದೆ.

ದಿನಗಳನ್ನು ಆರಿಸುವಾಗ ಹೋಗುವ ಸ್ಥಳದ ಪಂಚಾಂಗವನ್ನೂ ನೋಡಬೇಕು. ಬಾದಾಮಿಯ ಬಳಿಯ ಬನಶಂಕರಿಯ ಜಾತ್ರೆ ಪುಷ್ಯಮಾಸದ ಹುಣ್ಣಿಮೆಗೆ ಆರಂಭವಾಗಿ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಬೀಡುಬಿಡುವ ಆ ಕಾಲದಲ್ಲಿ ಬಾದಾಮಿಯಲ್ಲಿ ತಂಗಲು ಸ್ಥಳ ಸಿಗುವುದು ದುರ್ಲಭ. ಮಕರ ಸಂಕ್ರಮಣದಂದು ಕೂಡಲಸಂಗಮದಲ್ಲಿ ಸ್ನಾನಕ್ಕಾಗಿ ಬರುವ ಜನಸಂದಣಿ ಅಪಾರ. ಜಾತ್ರೆಯನ್ನು ನೋಡುವುದೇ ಉದ್ದೇಶವಾದರೆ ಆ ಮಾತು ಬೇರೆ. ಐವತ್ತು ಮಕ್ಕಳನ್ನು ಕರೆದೊಯ್ದು ಶಾಸನವನ್ನೂ ಶಿಲ್ಪವನ್ನೂ ತೋರಿಸುವುದು ಉದ್ದೇಶವಾದರೆ ಈ ದಿನಗಳನ್ನು ಬಿಡಬೇಕು. ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಇದನ್ನರಿಯದೆ ಶುಕ್ರವಾರ ಹೋದರೆ ಮುಚ್ಚಿದ ಬಾಗಿಲನ್ನು ನೋಡಿ ಹಿಂದಿರುಗಬೇಕಾಗುತ್ತದೆ.

ದಾರಿಯ ವಿನ್ಯಾಸ

ಎರಡನೆಯ ಸಾಧನ ದಾರಿ. ಮೂರು ದಿನಗಳಲ್ಲಿ ಹತ್ತು ಊರುಗಳನ್ನು ತೋರಿಸುವೆವೆಂದು ಕರಪತ್ರ ಅಚ್ಚು ಹಾಕಿಸುವುದು ಸುಲಭ. ಹಾಗೆ ಹೋದ ಮಕ್ಕಳು ನೋಡುವುದು ಬಸ್ಸಿನ ಕಿಟಕಿಯನ್ನು ಮಾತ್ರ. ಊರುಗಳ ಸಂಖ್ಯೆ ಹೆಚ್ಚಿದಂತೆ ಕಿಲೋಮೀಟರು ಹೆಚ್ಚುತ್ತದೆ, ಅದರೊಂದಿಗೆ ಬಾಡಿಗೆಯೂ ಚಾಲಕನ ದಣಿವೂ ಹೆಚ್ಚುತ್ತವೆ. ಒಂದು ನದಿಯ ಪಾತ್ರ, ಒಂದು ರಾಜಮನೆತನ, ಒಂದು ಕಾಲಘಟ್ಟ, ಹೀಗೆ ಯಾವುದಾದರೊಂದು ಸೂತ್ರವನ್ನು ಹಿಡಿದು ಸಮೀಪದ ಸ್ಥಳಗಳನ್ನು ಪೋಣಿಸುವುದು ಉತ್ತಮ ಕ್ರಮ.

ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಹೊರಡುವ ಶಾಲೆಗೆ ಮಲಪ್ರಭೆಯ ದಂಡೆಯನ್ನೇ ಸೂತ್ರವಾಗಿ ಹಿಡಿಯಬಹುದು. ಮೊದಲ ದಿನ ನಸುಕಿನಲ್ಲಿ ಹೊರಟರೆ ಬೆಳಗಿನ ಹೊತ್ತಿಗೆ ಬಾದಾಮಿ ಸೇರಬಹುದು. ಅಲ್ಲಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ, ಕ್ರಿ.ಶ. 578ರ ಶಾಸನವಿದೆ. ತ್ರಿಪದಿಯನ್ನೊಳಗೊಂಡ ಕಪ್ಪೆ ಅರಭಟ್ಟನ ಶಾಸನವೂ ಅದೇ ಊರಿನ ಬಂಡೆಯ ಮೇಲಿದೆ. ಕನ್ನಡ ಛಂದಸ್ಸಿನ ಪಾಠವನ್ನು ಆ ಬಂಡೆಯ ಎದುರಿಗೆ ಹೇಳಿದರೆ ವಿದ್ಯಾರ್ಥಿಯು ಅದನ್ನು ಆಜೀವಪರ್ಯಂತ ಮರೆಯಲಾರನು. ಬಾದಾಮಿಯಿಂದ 22 ಕಿಲೋಮೀಟರು ದೂರದ ಪಟ್ಟದಕಲ್ಲಿಗೆ ಮಧ್ಯಾಹ್ನ ಹೋಗಬಹುದು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಗುಡಿಗಳ ಸಮುಚ್ಚಯದಲ್ಲಿ ಉತ್ತರದ ಹಾಗೂ ದಕ್ಷಿಣದ ಶಿಖರಗಳು ಅಕ್ಕಪಕ್ಕದಲ್ಲಿಯೇ ನಿಂತಿವೆ. ಎರಡು ಶೈಲಿಗಳ ಭೇದವನ್ನು ತಿಳಿಸಲು ಅಲ್ಲಿ ಚಿತ್ರಪಟ ಬೇಕಾಗದು.

ಎರಡನೆಯ ದಿನ ಐಹೊಳೆ. ಮೇಗುತಿಯ ಗುಡಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ಚರಿತ್ರೆಗೆ ಅದು ಮುಖ್ಯ ಆಧಾರ. ಅಲ್ಲಿಂದ ಕರದಂಟಿಗೆ ಹೆಸರಾದ ಅಮೀನಗಡದ ಮೇಲೆ ಹುನಗುಂದದತ್ತ ಸಾಗಿ, ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಷೇತ್ರವನ್ನು ಸಂಜೆಯೊಳಗೆ ಸೇರಬಹುದು. ಬಸವಣ್ಣನವರು ವಿದ್ಯೆ ಕಲಿತ ಹಾಗೂ ಐಕ್ಯರಾದ ನೆಲೆಯೆಂದು ನಾಡು ಪೂಜಿಸುವ ಆ ಸ್ಥಳದಲ್ಲಿ ಒಂದು ರಾತ್ರಿ ತಂಗುವುದು ವಿಹಿತ. ನೀರಿನ ನಡುವೆ ಮೆಟ್ಟಿಲಿಳಿದು ನೋಡಬೇಕಾದ ಐಕ್ಯಮಂಟಪದಲ್ಲಿ ಮಕ್ಕಳು ತಾವಾಗಿಯೇ ಮೌನವಾಗುತ್ತಾರೆ. ಮೂರನೆಯ ದಿನ ಬೆಳಿಗ್ಗೆ ಆಲಮಟ್ಟಿಯ ಜಲಾಶಯ, ಅನಂತರ ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿ, ಮಧ್ಯಾಹ್ನದ ಪ್ರಸಾದದ ಬಳಿಕ ಮರುಪ್ರಯಾಣ.

ಬಾಗೇವಾಡಿಯಿಂದ ವಿಜಯಪುರವು ಸುಮಾರು 45 ಕಿಲೋಮೀಟರು ಮಾತ್ರ. ಗೋಲಗುಂಬಜನ್ನೂ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಲು ಆಯುಷ್ಯವನ್ನೇ ಸವೆಸಿದ ಫ.ಗು. ಹಳಕಟ್ಟಿಯವರ ಕರ್ಮಭೂಮಿಯನ್ನೂ ನೋಡಿಕೊಂಡೇ ಬರೋಣವೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಗೆ ಬಲಿಯಾದರೆ ಮರುಪ್ರಯಾಣವು ನಡುರಾತ್ರಿಯವರೆಗೆ ಬೆಳೆಯುತ್ತದೆ. ದಣಿದ ಚಾಲಕ, ನಿದ್ರೆಗಣ್ಣಿನ ಮಕ್ಕಳು, ಕತ್ತಲೆಯ ಹೆದ್ದಾರಿ, ಈ ಮೂರೂ ಕೂಡುವುದು ಒಳಿತಲ್ಲ. ವಿಜಯಪುರವು ಮುಂದಿನ ವರ್ಷಕ್ಕೂ ಅಲ್ಲಿಯೇ ಇರುತ್ತದೆ. ಯೋಜನೆಯಲ್ಲಿ ಸೇರಿಸುವುದಕ್ಕಿಂತ ಬಿಡುವುದಕ್ಕೆ ಹೆಚ್ಚಿನ ವಿವೇಕ ಬೇಕು.

ವಾಹನ

ಶಾಲಾಪ್ರವಾಸದ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ವಾಹನಕ್ಕೆ ಹೋಗುತ್ತದೆ. ರಾಜ್ಯದ ಸಾರಿಗೆ ನಿಗಮಗಳು ಒಪ್ಪಂದದ ಮೇಲೆ ಬಸ್ಸುಗಳನ್ನು ಒದಗಿಸುತ್ತವೆ. ಇಂತಹ ಒಪ್ಪಂದದಲ್ಲಿ ದಿನವೊಂದಕ್ಕೆ ಕನಿಷ್ಠ ಇಷ್ಟು ಕಿಲೋಮೀಟರೆಂಬ ನಿಬಂಧನೆ ಇರುತ್ತದೆ. ಓಡಿದ ದೂರ ಅದಕ್ಕಿಂತ ಕಡಿಮೆಯಾದರೂ ಕನಿಷ್ಠ ಮೊತ್ತವನ್ನು ತೆರಲೇಬೇಕು. ಆದ್ದರಿಂದ ಘಟಕದ ಕಚೇರಿಗೆ ಹೋಗುವ ಮೊದಲೇ ಊರಿಂದ ಊರಿಗೆ ದೂರವನ್ನು ಕೂಡಿಸಿ ಬರೆದುಕೊಂಡು ಹೋಗಬೇಕು. ಕನಿಷ್ಠ ದೂರವೆಷ್ಟು, ದಿನದ ಲೆಕ್ಕ ಯಾವ ಗಳಿಗೆಯಿಂದ ಆರಂಭ, ಮುಂಗಡವೆಷ್ಟು, ಚಾಲಕರ ಊಟ ವಸತಿ ಯಾರದು, ಪ್ರವಾಸ ರದ್ದಾದರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಕ್ಷೇಮ. ಖಾಸಗಿ ವಾಹನವನ್ನು ಗೊತ್ತುಪಡಿಸುವವರು ಪರವಾನಿಗೆ, ವಿಮೆ, ಅರ್ಹತಾಪತ್ರ, ಚಾಲಕನ ಲೈಸೆನ್ಸುಗಳ ಪ್ರತಿಯನ್ನು ಪಡೆದು ಕಡತದಲ್ಲಿಡಬೇಕು. ಸಾವಿರ ರೂಪಾಯಿ ಅಗ್ಗವೆಂದು ಕಾಗದಪತ್ರವಿಲ್ಲದ ವಾಹನವನ್ನು ಹತ್ತುವುದು ಮಿತವ್ಯಯವಲ್ಲ, ಅವಿವೇಕ. ಯಾವ ವಾಹನವೇ ಆಗಲಿ, ಶಿಕ್ಷಣ ಇಲಾಖೆಯ ಅನುಮತಿಯೂ ಪಾಲಕರ ಒಪ್ಪಿಗೆಪತ್ರವೂ ಮೊದಲೇ ಕೈಯಲ್ಲಿರಬೇಕು.

ತಂಡವು ಚಿಕ್ಕದಾಗಿದ್ದರೆ ಒಪ್ಪಂದದ ಬಸ್ಸು ದುಬಾರಿ. ಆಗ ಮಾರ್ಗದ ಸಾಮಾನ್ಯ ಬಸ್ಸುಗಳನ್ನೇ ಆಶ್ರಯಿಸಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಕರ್ನಾಟಕದ ನಿವಾಸಿಗಳಾದ ಬಾಲಿಕೆಯರಿಗೂ ಮಹಿಳೆಯರಿಗೂ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ ಮುಂತಾದ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು. ಹದಿನೈದು ಬಾಲಿಕೆಯರ ಒಂದು ತಂಡವು ಇಬ್ಬರು ಶಿಕ್ಷಕಿಯರೊಂದಿಗೆ ಗುರುತಿನ ಚೀಟಿ ಹಿಡಿದು ಹೊರಟರೆ ಬಸ್ಸಿನ ವೆಚ್ಚವೇ ಇಲ್ಲದೆ ಬಾದಾಮಿಯನ್ನು ನೋಡಿ ಬರಬಹುದು. ಸಂದಣಿಯ ದಿನಗಳನ್ನು ಮಾತ್ರ ತಪ್ಪಿಸಬೇಕು.

ದೂರದ ಪ್ರವಾಸಕ್ಕೆ ರೈಲು ಒಳ್ಳೆಯದು. ಶೈಕ್ಷಣಿಕ ಪ್ರವಾಸದ ವಿದ್ಯಾರ್ಥಿಗಳಿಗೆ ಎರಡನೆಯ ದರ್ಜೆ ಹಾಗೂ ಸ್ಲೀಪರ್ ದರ್ಜೆಗಳಲ್ಲಿ ರೈಲ್ವೆಯು ಅರ್ಧದಷ್ಟು ರಿಯಾಯಿತಿ ನೀಡುತ್ತದೆ. ಪರಿಶಿಷ್ಟ ಜಾತಿ ಪಂಗಡಗಳ ವಿದ್ಯಾರ್ಥಿಗಳಿಗೆ ಅದು ಇನ್ನೂ ಹೆಚ್ಚು. ಇದಕ್ಕೆ ಮುಖ್ಯೋಪಾಧ್ಯಾಯರ ಪ್ರಮಾಣಪತ್ರವು ನಿಗದಿತ ನಮೂನೆಯಲ್ಲಿರಬೇಕು. ಕಾಯ್ದಿರಿಸುವ ಒಂದು ಅರ್ಜಿಯಲ್ಲಿ ಆರು ಜನರ ಹೆಸರಿಗೆ ಮಾತ್ರ ಅವಕಾಶವಿರುವುದರಿಂದ ದೊಡ್ಡ ತಂಡದವರು ನಿಲ್ದಾಣದ ಅಧಿಕಾರಿಗಳನ್ನು ಮೊದಲೇ ಕಂಡು ಕ್ರಮವನ್ನು ಅರಿಯಬೇಕು. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಹಳೆಯ ಲೆಕ್ಕವನ್ನು ನಂಬಿ ಹೋದವರು ಇದರಿಂದ ಗೊಂದಲಕ್ಕೊಳಗಾಗುವುದುಂಟು.

ಪಾಥೇಯ

ಬುತ್ತಿ ಎಂಬುದು ಸಂಸ್ಕೃತದ ಭುಕ್ತಿ ಶಬ್ದದ ತದ್ಭವ. ಮೊದಲ ದಿನದ ಉಪಾಹಾರ ಹಾಗೂ ಮಧ್ಯಾಹ್ನದ ಊಟ ಮನೆಯ ಬುತ್ತಿಯಿಂದಲೇ ಆಗಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಗ್ಗರಣೆ ಹಾಕಿದ ಅವಲಕ್ಕಿ, ಚುರುಮುರಿ, ಇವು ದಿನ ಕಳೆದರೂ ಕೆಡದ ಪದಾರ್ಥಗಳು. ಮೊಸರು, ತೆಂಗಿನಕಾಯಿಯ ಚಟ್ನಿ ಮುಂತಾದ ಬೇಗ ಹಳಸುವ ವಸ್ತುಗಳನ್ನು ಕಟ್ಟಬಾರದು. ಎಲ್ಲರ ಬುತ್ತಿಯನ್ನೂ ಒಂದೆಡೆ ಬಿಚ್ಚಿ ಹಂಚಿ ಉಣ್ಣುವ ಪದ್ಧತಿಯನ್ನಿಟ್ಟರೆ ಯಾರ ಮನೆಯಿಂದ ಏನು ಬಂದಿತೆಂಬ ಭೇದವೂ ಅಳಿಯುತ್ತದೆ. ಬಾದಾಮಿಯ ಗುಹೆಗಳ ಬಳಿ ಕೋತಿಗಳ ಕಾಟ ಬಹಳ. ಊಟದ ಗಂಟನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಬಾರದು.

ಕುಡಿಯುವ ನೀರಿಗೆ ದೊಡ್ಡ ಕ್ಯಾನುಗಳನ್ನು ಬಸ್ಸಿನಲ್ಲಿಟ್ಟು ಪ್ರತಿ ವಿದ್ಯಾರ್ಥಿಯೂ ಒಂದು ಬಾಟಲಿಯನ್ನು ತರುವಂತೆ ಸೂಚಿಸಿದರೆ, ನೀರು ಕೊಳ್ಳುವ ಖರ್ಚು ಉಳಿಯುತ್ತದೆ, ಹೊಟ್ಟೆಯೂ ಕೆಡುವುದಿಲ್ಲ.

ಆತಿಥೇಯ ಮತ್ತು ವಾಸತೇಯ

ಉಳಿದ ಊಟಗಳಿಗೂ ರಾತ್ರಿಯ ತಂಗಿಗೂ ಮಠಗಳು, ಕ್ಷೇತ್ರಗಳ ಯಾತ್ರಿನಿವಾಸಗಳು, ಶಾಲೆಗಳ ಸಭಾಂಗಣಗಳು ಆಶ್ರಯವಾಗಬಲ್ಲವು. ದಾಸೋಹದ ಬಾಗಿಲು ತೆರೆದಿರುತ್ತದೆಂದು ಹೇಳದೆ ಕೇಳದೆ ಐವತ್ತು ಜನ ನುಗ್ಗುವುದು ಸಭ್ಯತೆಯಲ್ಲ. ಒಂದು ತಿಂಗಳ ಮೊದಲು ಪತ್ರ, ಒಂದು ವಾರದ ಮೊದಲು ದೂರವಾಣಿ, ಹೊರಟ ದಿನ ಮತ್ತೊಮ್ಮೆ ನೆನಪು, ಈ ಮೂರು ಕ್ರಮಗಳನ್ನು ತಪ್ಪಿಸಬಾರದು. ಪತ್ರದಲ್ಲಿ ಬಾಲಕರೆಷ್ಟು, ಬಾಲಿಕೆಯರೆಷ್ಟು, ಶಿಕ್ಷಕರೆಷ್ಟು, ಯಾವ ಹೊತ್ತಿಗೆ ತಲುಪುವರು, ಎಷ್ಟು ಊಟ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಹೇಳಿದ ಹೊತ್ತಿಗೆ ತಲುಪಲಾಗದಿದ್ದರೆ ದಾರಿಯಿಂದಲೇ ತಿಳಿಸಬೇಕು. ಒಲೆಯ ಮುಂದೆ ಕಾಯುವವರೂ ಕಾಯಕಜೀವಿಗಳೇ.

ಉಂಡ ತಾಟನ್ನು ತಾವೇ ತೊಳೆದಿಡುವುದು, ಮಲಗಿದ ಸ್ಥಳವನ್ನು ಗುಡಿಸಿ ಬಿಡುವುದು, ಹೊರಡುವ ಮುನ್ನ ಶಕ್ತ್ಯನುಸಾರ ಕಾಣಿಕೆ ಸಲ್ಲಿಸಿ ರಸೀತಿ ಪಡೆಯುವುದು, ಊರಿಗೆ ಬಂದ ಮೇಲೆ ವಿದ್ಯಾರ್ಥಿಗಳಿಂದಲೇ ಕೃತಜ್ಞತೆಯ ಪತ್ರ ಬರೆಯಿಸುವುದು, ಇವು ಆತಿಥ್ಯಕ್ಕೆ ಸಲ್ಲಬೇಕಾದ ಮರ್ಯಾದೆಗಳು. ಹೀಗೆ ನಡೆದುಕೊಂಡ ಶಾಲೆಗೆ ಮರುವರ್ಷ ಅದೇ ಬಾಗಿಲು ತಾನಾಗಿ ತೆರೆಯುತ್ತದೆ. ಬಾಲಿಕೆಯರ ತಂಗಿಗೆ ಬೇರೆ ಕೊಠಡಿ, ಒಳಗಿನಿಂದ ಅಗುಳಿ ಇರುವ ಬಾಗಿಲು, ಸಮೀಪದಲ್ಲಿ ಶೌಚಾಲಯ, ಜೊತೆಯಲ್ಲಿ ಶಿಕ್ಷಕಿ, ಇವು ಇಲ್ಲದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಆ ಸ್ಥಳವನ್ನು ಒಪ್ಪಬಾರದು.

ಹಳೆಯ ವಿದ್ಯಾರ್ಥಿಗಳ ನೆರವು ಇಲ್ಲಿ ಬಹಳ ಬೆಲೆಯುಳ್ಳದ್ದು. ಬಾಗಲಕೋಟೆಯಲ್ಲಿ, ವಿಜಯಪುರದಲ್ಲಿ, ಕಲಬುರಗಿಯಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಊರುವಾರು ಬರೆದಿಟ್ಟ ಒಂದು ದಾಖಲೆಪುಸ್ತಕ ಶಾಲೆಯಲ್ಲಿದ್ದರೆ, ಯಾವ ಊರಿಗೆ ಹೋದರೂ ಒಂದು ಸಭಾಂಗಣವನ್ನು ಗೊತ್ತುಪಡಿಸಿಕೊಡುವ, ಒಂದು ಹೊತ್ತಿನ ಪ್ರಸಾದಕ್ಕೆ ವ್ಯವಸ್ಥೆ ಮಾಡುವ, ಅಪವೇಳೆಯಲ್ಲಿ ವೈದ್ಯರನ್ನು ತೋರಿಸುವ ಆಪ್ತರು ದೊರೆಯುತ್ತಾರೆ.

ಸ್ವಾಪತೇಯ: ಒಂದು ಮಾದರಿ ಲೆಕ್ಕ

ಇನ್ನು ಹಣದ ಮಾತು. ಇಲ್ಲಿ ಕೊಟ್ಟಿರುವ ದರಗಳು ಕೇವಲ ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿದವು; ಆಯಾ ಶಾಲೆಯವರು ತಮ್ಮ ದರಗಳನ್ನಿಟ್ಟು ನೋಡಿಕೊಳ್ಳಬೇಕು. ವಿದ್ಯಾರ್ಥಿಗಳು 48, ಶಿಕ್ಷಕರು ನಾಲ್ವರು. ಮೂರು ದಿನಗಳ ಬಸ್ಸಿಗೆ 48,000 ರೂಪಾಯಿ. ಬುತ್ತಿಯನ್ನೂ ದಾಸೋಹವನ್ನೂ ಬಳಸಿಕೊಂಡ ಮೇಲೆ ಉಳಿಯುವ ಊಟ ಉಪಾಹಾರಗಳಿಗೆ ತಲೆಗೆ 300ರಂತೆ 52 ಜನರಿಗೆ 15,600. ಎರಡು ರಾತ್ರಿಯ ತಂಗಿನ ಕಾಣಿಕೆ 4,000. ಪ್ರವೇಶಶುಲ್ಕ ಹಾಗೂ ಮಾರ್ಗದರ್ಶಕರಿಗೆ 2,400. ಔಷಧ ಮುಂತಾದುವಕ್ಕೆ 1,000. ಒಟ್ಟು 71,000. ಅನಿರೀಕ್ಷಿತ ವೆಚ್ಚಕ್ಕೆ ನೂರಕ್ಕೆ ಹತ್ತರಂತೆ 7,100 ಕೂಡಿಸಿದರೆ 78,100 ರೂಪಾಯಿ. ವಿದ್ಯಾರ್ಥಿಯೊಬ್ಬನ ಪಾಲು ಸುಮಾರು 1,627.

ಪ್ರವೇಶಶುಲ್ಕದ ಬಾಬು ಇಷ್ಟು ಸಣ್ಣದಾಗಿರಲು ಕಾರಣವುಂಟು. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ವಯಸ್ಸಿನ ಆಧಾರಕ್ಕಾಗಿ ಶಾಲೆಯ ಮುದ್ರೆಯುಳ್ಳ ಹೆಸರುಪಟ್ಟಿಯನ್ನು ಒಯ್ದರೆ ವಾದಕ್ಕೆ ಅವಕಾಶವಿರುವುದಿಲ್ಲ.

ಈಗ ಎಂಟು ಬಡ ವಿದ್ಯಾರ್ಥಿಗಳು ಹಣ ಕೊಡಲಾರದೆ ಉಳಿದರೆಂದು ಭಾವಿಸೋಣ. ಬಸ್ಸಿನ ಬಾಡಿಗೆ ಒಂದು ಕಾಸೂ ತಗ್ಗುವುದಿಲ್ಲ. ಊಟದ ವೆಚ್ಚ ಮಾತ್ರ 2,400 ರೂಪಾಯಿ ಕಡಿಮೆಯಾಗಿ, ಒಟ್ಟು 68,600 ಆಗುತ್ತದೆ. ಅನಿರೀಕ್ಷಿತದ 6,860 ಸೇರಿಸಿ 75,460. ಇದನ್ನು ಹೊರಟ ನಲವತ್ತು ಜನರಿಗೆ ಹಂಚಿದರೆ ಒಬ್ಬೊಬ್ಬರ ಪಾಲು ಸುಮಾರು 1,887. ಅಂದರೆ ಎಂಟು ಜನರನ್ನು ಬಿಟ್ಟು ಹೋದುದಕ್ಕಾಗಿ ಉಳಿದ ಪ್ರತಿಯೊಬ್ಬನೂ 260 ರೂಪಾಯಿ ಹೆಚ್ಚು ತೆರುತ್ತಾನೆ. ಎಂಟು ಆಸನಗಳು ದಾರಿಯುದ್ದಕ್ಕೂ ಖಾಲಿ ಹೋಗುತ್ತವೆ. ಆ ಎಂಟು ಮಕ್ಕಳನ್ನು ಕರೆದೊಯ್ದಿದ್ದರೆ ಆಗುತ್ತಿದ್ದ ನಿಜವಾದ ಅಧಿಕ ವೆಚ್ಚವಾದರೋ 78,100ಕ್ಕೂ 75,460ಕ್ಕೂ ಇರುವ ಅಂತರ, 2,640 ರೂಪಾಯಿ ಮಾತ್ರ, ತಲೆಗೆ 330. ಬಡ ವಿದ್ಯಾರ್ಥಿಯನ್ನು ಕರೆದೊಯ್ಯುವುದು ಶಾಲೆಗೆ ದೊಡ್ಡ ಹೊರೆಯೆಂಬ ಭಾವನೆ ಈ ಲೆಕ್ಕದ ಮುಂದೆ ನಿಲ್ಲದು.

ಆದ್ದರಿಂದ ಮಾಡಬೇಕಾದುದು ಇಷ್ಟು. ಬಸ್ಸಿನ ಎಲ್ಲ ಆಸನಗಳೂ ತುಂಬುವಂತೆ ಎಲ್ಲರನ್ನೂ ಸೇರಿಸಿಕೊಂಡು ಪಾಲನ್ನು ನಿರ್ಧರಿಸಬೇಕು. ಕೊಡಲಾರದವರ ಪಾಲಿಗೆ ಒಂದು ಪ್ರವಾಸನಿಧಿ ಇರಬೇಕು. ಮೇಲಿನ ಲೆಕ್ಕದಲ್ಲಿ ಎಂಟು ಮಕ್ಕಳ ಪೂರ್ಣ ಪಾಲನ್ನು ನಿಧಿಯೇ ಹೊತ್ತರೂ ಸುಮಾರು 13,000 ರೂಪಾಯಿ ಸಾಕು. ಯಾರಿಗೆ ನಿಧಿಯಿಂದ ಸಂದಿತೆಂಬುದು ಮುಖ್ಯೋಪಾಧ್ಯಾಯರಿಗೂ ತರಗತಿಯ ಶಿಕ್ಷಕರಿಗೂ ಹೊರತು ಮತ್ತಾರಿಗೂ ತಿಳಿಯಬಾರದು. ಎಲ್ಲರಿಗೂ ಒಂದೇ ಬಗೆಯ ರಸೀತಿ ಕೊಡಬೇಕು. ಫಲಾನುಭವಿಗಳ ಪಟ್ಟಿಯನ್ನು ಓದುವುದು, ಸಭೆಯಲ್ಲಿ ನಿಲ್ಲಿಸಿ ಕೃತಜ್ಞತೆ ಹೇಳಿಸುವುದು ಸಲ್ಲದು. ಕೊಟ್ಟವನಿಗೆ ಕೊಟ್ಟೆನೆಂಬ ಭಾವವೂ ಪಡೆದವನಿಗೆ ಪಡೆದೆನೆಂಬ ಕುಗ್ಗೂ ಇಲ್ಲದಿದ್ದಾಗಲೇ ದಾನವು ದಾಸೋಹವಾಗುತ್ತದೆ.

ಕೈಖರ್ಚಿನ ವಿಷಯದಲ್ಲಿಯೂ ಸಮತೆ ಬೇಕು. ಒಬ್ಬನ ಕೈಯಲ್ಲಿ ಸಾವಿರ, ಇನ್ನೊಬ್ಬನ ಕೈಯಲ್ಲಿ ಶೂನ್ಯ ಇದ್ದರೆ ಪ್ರತಿ ಅಂಗಡಿಯ ಮುಂದೆಯೂ ತರಗತಿ ಮತ್ತೆ ಒಡೆಯುತ್ತದೆ. ನೂರು ರೂಪಾಯಿಯೆಂದು ಮಿತಿಯಿಟ್ಟು, ಇಲ್ಲದವರಿಗೆ ನಿಧಿಯಿಂದಲೇ ಅಷ್ಟನ್ನು ಸೇರಿಸಿ, ಎಲ್ಲರಿಗೂ ಶಿಕ್ಷಕರ ಕೈಯಿಂದಲೇ ಹಂಚಿದರೆ ಈ ತೊಡಕು ಇಲ್ಲ. ಮರಳಿದ ಒಂದು ವಾರದೊಳಗೆ ಪೂರ್ಣ ಲೆಕ್ಕಪತ್ರವನ್ನು ಪಾಲಕರ ಮುಂದಿಟ್ಟು ಉಳಿದುದನ್ನು ಹಿಂದಿರುಗಿಸುವುದು ಅಥವಾ ಅವರ ಸಮ್ಮತಿಯಿಂದ ನಿಧಿಗೆ ಸೇರಿಸುವುದು ವಿಶ್ವಾಸಕ್ಕೆ ಬುನಾದಿ.

ಹಣವಿಲ್ಲದೆ ನೋಡಬಹುದಾದುದು

ಶುಲ್ಕ ತೆತ್ತು ನೋಡುವ ಸ್ಥಳಗಳಷ್ಟೇ ಪ್ರವಾಸವಲ್ಲ. ಬಾದಾಮಿಯಿಂದ ಅನತಿದೂರದ ಗುಳೇದಗುಡ್ಡದಲ್ಲಿ ಖಣವನ್ನೂ ಹುನಗುಂದದ ಸಮೀಪದ ಇಳಕಲ್ಲಿನಲ್ಲಿ ಸೀರೆಯನ್ನೂ ನೇಯುವ ಮಗ್ಗಗಳಿವೆ. ಮೊದಲೇ ವಿಚಾರಿಸಿ ಒಪ್ಪಿಗೆ ಪಡೆದು ಒಂದು ಗಂಟೆ ಮಗ್ಗದ ಬಳಿ ನಿಂತರೆ, ಕಾಯಕವೆಂಬ ಶಬ್ದಕ್ಕೆ ಪಾಠದ ಹತ್ತು ಪುಟಗಳು ಕೊಡಲಾರದ ಅರ್ಥವನ್ನು ಲಾಳಿಯ ಸದ್ದು ಕೊಡುತ್ತದೆ. ಹೊರಡುವ ಮೊದಲೇ ಪ್ರತಿ ಸ್ಥಳವನ್ನೂ ನಾಲ್ಕಾರು ವಿದ್ಯಾರ್ಥಿಗಳ ಒಂದೊಂದು ಗುಂಪಿಗೆ ಹಂಚಿ, ಅಲ್ಲಿಗೆ ತಲುಪಿದಾಗ ಆ ಗುಂಪೇ ಉಳಿದವರಿಗೆ ವಿವರಿಸುವಂತೆ ಮಾಡಿದರೆ ಮಾರ್ಗದರ್ಶಕರ ವೆಚ್ಚವೂ ಉಳಿಯುತ್ತದೆ, ಗ್ರಂಥಾಲಯದ ಪುಸ್ತಕಗಳ ಧೂಳೂ ಹೋಗುತ್ತದೆ.

ಕ್ಷೇಮ

ಹತ್ತು ಮಕ್ಕಳಿಗೊಬ್ಬ ನಾಯಕ, ಪ್ರತಿ ಗುಂಪಿಗೊಬ್ಬ ಹೊಣೆಗಾರ ಶಿಕ್ಷಕ, ಬಸ್ಸು ಹತ್ತುವ ಪ್ರತಿ ಸಲವೂ ಹೆಸರು ಕರೆದು ಎಣಿಕೆ, ಪ್ರತಿ ಮಗುವಿನ ಜೇಬಿನಲ್ಲಿ ಶಾಲೆಯ ಹಾಗೂ ಶಿಕ್ಷಕರ ದೂರವಾಣಿ ಸಂಖ್ಯೆಯ ಚೀಟಿ, ಇವು ಖರ್ಚಿಲ್ಲದ ರಕ್ಷೆಗಳು. ನೀರಿನ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಕೂಡದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡುದನ್ನು ನಾಡು ಮರೆತಿಲ್ಲ. ಸಂಗಮದ ನದೀತೀರವಾಗಲಿ, ಆಲಮಟ್ಟಿಯ ಜಲಾಶಯವಾಗಲಿ, ಬಾದಾಮಿಯ ಅಗಸ್ತ್ಯತೀರ್ಥವಾಗಲಿ, ದಡದಿಂದ ನೋಡಿ ಕೈಮುಗಿಯಬೇಕೇ ಹೊರತು ನೀರಿಗಿಳಿಯಬಾರದೆಂಬ ನಿಯಮವನ್ನು ಹೊರಡುವ ಮೊದಲೇ ಪಾಲಕರ ಎದುರಿನಲ್ಲಿ ಸಾರಬೇಕು.

ಉಪಸಂಹಾರ

ಮಿತವ್ಯಯವೆಂದರೆ ಮಕ್ಕಳ ಹೊಟ್ಟೆ ಕಟ್ಟುವುದಲ್ಲ, ಸುರಕ್ಷತೆಯಲ್ಲಿ ಕಡಿತ ಮಾಡುವುದಲ್ಲ. ಆರು ತಿಂಗಳ ಮೊದಲು ಯೋಚಿಸುವುದು, ಊರುಗಳ ಸಂಖ್ಯೆಯನ್ನು ಕಡಿಮೆ ಮಾಡುವುದು, ಪತ್ರ ಬರೆಯುವುದು, ಬುತ್ತಿ ಕಟ್ಟುವುದು, ಲೆಕ್ಕವನ್ನು ತೆರೆದಿಡುವುದು, ಇವೇ ಅದರ ಅಂಗಗಳು. ಇವುಗಳಲ್ಲಿ ಬಹುತೇಕ ಶಿಕ್ಷಕರ ಶ್ರದ್ಧೆಗೆ ಸೇರಿದವು. ಹಳೆಯ ವಿದ್ಯಾರ್ಥಿಗಳಿಂದ ಬೇಕಾದುದು ತಮ್ಮ ಊರಿನಲ್ಲೊಂದು ಸ್ವಾಗತ. ದಾನಿಗಳಿಂದ ಬೇಕಾದುದು ಒಂದು ಸಣ್ಣ ನಿಧಿ. ಕಟ್ಟಡದ ಮೇಲೆ ಹೆಸರು ಕೆತ್ತಿಸುವ ದಾನಕ್ಕಿಂತ ಇದು ಮೊತ್ತದಲ್ಲಿ ಅಲ್ಪ. ಈ ಮೂವರೂ ಕೂಡಿದರೆ ಮುಂಬರುವ ವರ್ಷಗಳಲ್ಲಿ ಪ್ರವಾಸದ ಬೆಳಗಿನ ಹಾಜರಿಪಟ್ಟಿಗೂ ತರಗತಿಯ ಹಾಜರಿಪಟ್ಟಿಗೂ ಒಂದು ಹೆಸರಿನ ವ್ಯತ್ಯಾಸವೂ ಉಳಿಯದು. ಅಂತಹ ಬೆಳಗು ಶ್ರೀಮಠದ ಶಾಲೆಯ ಅಂಗಳದಲ್ಲಿ ಮೂಡುವಂತೆ ಶ್ರೀಗುರುವಿನ ಕೃಪೆ ಎಲ್ಲರ ಮೇಲಿರಲಿ.